ಮಾರಾಟದ ನಡುವೆಯೂ ಸ್ವಂತ ಕೆಲಸ ನಿಲ್ಲದಂತೆ: ಉತ್ತರ ಕನ್ನಡದ ಕೈಕೆಲಸಗಾರರಿಗೆ ಸಮಗ್ರ ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಹಿಡಿದು ಕುಮಟಾ, ಕಾರವಾರದವರೆಗೆ, ಕೈಕೆಲಸ ಮಾಡಿ ಮಾರುವವರು ಮತ್ತೆ ಮತ್ತೆ ಹೇಳಿಕೊಳ್ಳುವ ತೊಂದರೆ ಒಂದೇ. ಆರ್ಡರ್ ಬರುತ್ತಿವೆ, ಆದರೆ ದುಡ್ಡು ಕೈಯಲ್ಲಿ ನಿಲ್ಲುತ್ತಿಲ್ಲ. ಬೇರೆಯವರು ಕೇಳಿದ್ದನ್ನೇ ಮಾಡುತ್ತ ಮಾಡುತ್ತ ತಮ್ಮದೇ ಎನ್ನುವಂಥ ಒಂದು ಕೆಲಸಕ್ಕೂ ಕೈ ಹಚ್ಚಲಾಗಿಲ್ಲ. ಹೀಗಾಗುವವರಲ್ಲಿ ಹೆಚ್ಚಿನವರ ಕೈಚಳಕಕ್ಕೆ ಕೊರತೆಯಿಲ್ಲ. ಮೊದಲು ಫೋನಿನಲ್ಲಿ ಪುಟ ತೆರೆದು, ಆಮೇಲೆ ಆರ್ಡರ್ ಒಪ್ಪಿಕೊಂಡು, ಬೆಲೆಯನ್ನು ಅಂದಾಜಿನ ಮೇಲೆ ಹೇಳಿ, ಸ್ವಂತ ಕೆಲಸವನ್ನು ಉಳಿದ ಹೊತ್ತಿಗೆ ಬಿಟ್ಟಿರುತ್ತಾರೆ. ಆ ಉಳಿದ ಹೊತ್ತು ಯಾವ ಮನೆಯಲ್ಲೂ ತಾನಾಗಿ ಬರುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಬೇಕೆಂದು ಒತ್ತಿ ಹೇಳುತ್ತೇನೆ. ಉದಾಹರಣೆಗೆ ದೀವರ ಹಸೆ ಚಿತ್ತಾರವನ್ನು, ಅಂದರೆ ದೀವರು ಸಮುದಾಯದ ಹೆಂಗಸರು ಕೆಮ್ಮಣ್ಣಿನ ಮೇಲೆ ಅರೆದ ಅಕ್ಕಿಯ ಬಿಳಿಯಿಂದ ಬರೆಯುವ ಚಿತ್ರವನ್ನು, ಮುಂದಿಟ್ಟುಕೊಂಡಿದ್ದೇನೆ. ಸಿದ್ದಿ ಹೆಂಗಸರು ಬಟ್ಟೆ ತುಂಡು ಕೂಡಿಸಿ ಹೊಲಿಯುವ ಕೌದಿಯಾದ ಕವಂದಿ, ಗುಡಿಗಾರರ ಬೆಂಡಿನ ಕೆಲಸ, ಬಿದಿರು ಬುಟ್ಟಿ, ಮಣಿಸರಗಳಿಗೂ ಇದೇ ಕ್ರಮ ಹೊಂದುತ್ತದೆ.

ಮೊದಲು ಕೈಗೆ ತಂದುಕೊಳ್ಳಬೇಕಾದವು

ಒಂದು ಗೋಡೆ ಕ್ಯಾಲೆಂಡರ್, ಎರಡು ನೋಟ್‌ಬುಕ್ (ಒಂದು ಲೆಕ್ಕಕ್ಕೆ, ಇನ್ನೊಂದು ಮಾರಾಟಕ್ಕಲ್ಲದ ಕೆಲಸಕ್ಕೆ), ಸಮಯ ನೋಡಲು ಗಡಿಯಾರ ಅಥವಾ ಫೋನು, ಮನೆಖರ್ಚಿನದ್ದಲ್ಲದ ಪ್ರತ್ಯೇಕ ಬ್ಯಾಂಕ್ ಖಾತೆ, ಗಾಳಿಯಾಡದ ಮುಚ್ಚಳದ ದೊಡ್ಡ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳು. ಹೊಸ ಕ್ಯಾಮೆರಾ, ಜಾಲತಾಣ, ಬಣ್ಣದ ವಿಸಿಟಿಂಗ್ ಕಾರ್ಡ್ ಇವುಗಳಿಗೆ ಈಗಲೇ ದುಡ್ಡು ಹಾಕುವುದು ಬೇಡ.

ಹಂತ 1: ಮಳೆ, ಕೊಯ್ಲು ಮತ್ತು ಜಾತ್ರೆಯ ಲೆಕ್ಕದಲ್ಲಿ ವರ್ಷವನ್ನು ಹಂಚಿಕೊಳ್ಳುವುದು

ನಮ್ಮ ಜಿಲ್ಲೆಯಲ್ಲಿ ಕೈಕೆಲಸದ ವರ್ಷವನ್ನು ನಿರ್ಧರಿಸುವುದು ಹವೆ ಮತ್ತು ತೋಟ. ಪ್ರವಾಸಿಗರು ಗೋಕರ್ಣ, ಮುರ್ಡೇಶ್ವರಗಳಿಗೆ ಹೆಚ್ಚಾಗಿ ಬರುವ ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳಲ್ಲೇ ಘಟ್ಟದ ಮೇಲೆ ಅಡಿಕೆ ಕೊಯ್ಲು ನಡೆದಿರುತ್ತದೆ. ಮರದಿಂದ ಕೊನೆ (ಅಡಿಕೆ ಗೊಂಚಲು) ಇಳಿಸುವುದು, ಅಡಿಕೆ ಸುಲಿಯುವುದು, ಬೇಯಿಸುವುದು, ಅಂಗಳದಲ್ಲಿ ಹರವುವುದು, ಬಂದ ಆಳುಗಳಿಗೆ ಅಡಿಗೆ ಮಾಡುವುದು, ಎಲ್ಲವೂ ಒಟ್ಟಿಗೇ ಬಂದು ಮನೆಯ ಹೆಂಗಸರಿಗೆ ಕುಂಚ ಹಿಡಿಯಲು ಅರ್ಧ ಗಂಟೆ ಸಿಗುವುದೂ ಕಷ್ಟವಾಗುತ್ತದೆ. ಆ ತಿಂಗಳುಗಳಲ್ಲಿ ಹೊಸದನ್ನು ಮಾಡಿ ಮಾರುತ್ತೇನೆಂದು ಒಪ್ಪಿಕೊಂಡವರೇ ಹೆಚ್ಚು ಸೋಲುತ್ತಾರೆ.

ಕ್ಯಾಲೆಂಡರಿನಲ್ಲಿ ಬೇರೆ ಬೇರೆ ಬಣ್ಣದ ಪೆನ್ಸಿಲ್‌ನಿಂದ ಗುರುತು ಹಾಕಿ. ಗದ್ದೆ ನಾಟಿ ಮುಗಿದ ಮೇಲಿನ ಮಳೆಗಾಲ ಅಭ್ಯಾಸಕ್ಕೆ, ಹೊಸ ವಿನ್ಯಾಸ ಗೀಚಿಕೊಳ್ಳುವುದಕ್ಕೆ, ಪುಂಡಿ ಗಿಡದ ನಾರಿನ ಕುಂಚ ಮಾಡಿಟ್ಟುಕೊಳ್ಳುವುದಕ್ಕೆ. ಮಳೆ ಸಡಿಲವಾಗುವ ಸೆಪ್ಟೆಂಬರ್ ಕೊನೆಯಿಂದ ಕೊಯ್ಲು ಶುರುವಾಗುವವರೆಗಿನ ಅವಧಿ ಮಾರಾಟದ ಸರಕು ಮಾಡಿಡುವುದಕ್ಕೆ. ಬಣ್ಣ ಒಣಗುವುದೂ ಆಗಲೇ ಸಲೀಸು. ಈ ಅವಧಿಯಲ್ಲೇ ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬ ಬರುವುದರಿಂದ, ಬುಟ್ಟಿಗೆ ಚಿತ್ತಾರ ಬರೆಯುವ ಮನೆಯವರು ಅದರ ದಿನಗಳನ್ನು ಮೊದಲೇ ಬಿಟ್ಟು ಲೆಕ್ಕ ಹಾಕಬೇಕು. ಕೊಯ್ಲಿನ ತಿಂಗಳುಗಳಲ್ಲಿ ಮಾಡಿಟ್ಟದ್ದನ್ನು ಮಾರುವುದಷ್ಟೇ. ಮಾರ್ಚಿನಿಂದ ಮೇವರೆಗೆ ಮದುವೆಯ ಆರ್ಡರುಗಳು. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆಂಬುದನ್ನು ಮರೆಯದೆ, ಜಾತ್ರೆಯಿರುವ ವರ್ಷದ ಸರಕನ್ನು ಜಾತ್ರೆಯಿಲ್ಲದ ವರ್ಷದ ಅಳತೆಯಲ್ಲಿ ಮಾಡಬೇಡಿ.

ಹಂತ 2: ಮಾರಾಟಕ್ಕಲ್ಲದ ಕೆಲಸದ ಸಮಯವನ್ನು ಮೊದಲು ತೆಗೆದಿಡುವುದು

ಇದನ್ನು ಬಿಟ್ಟರೆ ಉಳಿದ ಹಂತಗಳೆಲ್ಲ ಚೆನ್ನಾಗಿ ನಡೆದರೂ ನಾಲ್ಕೈದು ವರ್ಷದಲ್ಲಿ ಕೆಲಸ ಬತ್ತುತ್ತದೆ. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ ಎಂದು ಗೊತ್ತುಮಾಡಿ, ಆ ಹೊತ್ತಿನಲ್ಲಿ ಆರ್ಡರಿನ ಹಾಳೆಯನ್ನೂ ಫೋನನ್ನೂ ಮುಟ್ಟದಿರುವುದು ಒಳ್ಳೆಯದು. ಬೆಳಗ್ಗೆ ಆಗುವುದಿಲ್ಲವೆಂದರೆ ಮಧ್ಯಾಹ್ನ ಊಟವಾದ ಮೇಲೆ. ಆದರೆ ಹೊತ್ತು ದಿನದಿನಕ್ಕೆ ಬದಲಾಗಬಾರದು. ಮನೆಯವರಿಗೂ ಅದು ತಿಳಿದಿರಬೇಕು.

ಆ ಸಮಯದಲ್ಲಿ ಏನು ಮಾಡಬೇಕು? ಚಿತ್ತಾರದವರಿಗೆ ನನ್ನ ಸಲಹೆ ‘ಎಳೆ’, ಅಂದರೆ ಚಿತ್ತಾರದ ಗೆರೆಯ ಅಭ್ಯಾಸ. ಕೆಮ್ಮಣ್ಣು ಬಳಿದ ಹಲಗೆಯ ಮೇಲೆ, ಅಳತೆಗೋಲಿಲ್ಲದೆ, ಪುಂಡಿ ನಾರಿನ ಕುಂಚದಲ್ಲಿ ಅಕ್ಕಿಯ ಬಿಳಿಯನ್ನು ಎತ್ತಿಕೊಂಡು ಮೇಲಿಂದ ಕೆಳಗೆ ಸಮಾನಾಂತರವಾಗಿ ಎಳೆ ಎಳೆಯುತ್ತ ಹೋಗುವುದು. ನಾರು ಹೀರಿದ ಬಿಳಿ ಎಲ್ಲಿ ಮುಗಿಯುತ್ತದೆ, ಅದಕ್ಕೆ ಮುಂಚೆ ಎಲ್ಲಿ ಕೈ ಎತ್ತಬೇಕು, ಮತ್ತೆ ಅದ್ದಿ ತಂದಾಗ ಹಳೆಯ ತುದಿಗೆ ಹೊಸ ತುದಿಯನ್ನು ಗಂಟಾಗದಂತೆ ಹೇಗೆ ಕೂಡಿಸಬೇಕು ಎನ್ನುವುದೇ ಈ ಕಲೆಯ ಬುಡ. ಒಂದು ತಿಂಗಳು ಬಿಟ್ಟರೆ ಕೂಡುವ ಜಾಗದಲ್ಲಿ ಬಿಳಿ ದಪ್ಪವಾಗುತ್ತದೆ, ಎರಡು ಎಳೆಗಳ ನಡುವಿನ ಕೆಂಪು ಒಂದೆಡೆ ಹಿಗ್ಗಿ ಇನ್ನೊಂದೆಡೆ ಕುಗ್ಗುತ್ತದೆ. ಕೊಳ್ಳುವವರಿಗೆ ಇದು ಕಾಣದಿರಬಹುದು. ಬರೆದವರಿಗೆ ಕಂಡೇ ಕಾಣುತ್ತದೆ.

ಈ ಕೆಲಸದಲ್ಲಿ ಚೆನ್ನಾಗಿ ಬಂದದ್ದನ್ನು ಕೂಡಲೇ ಮಾರಾಟಕ್ಕೆ ಇಡುವುದು ಸಾಮಾನ್ಯ ತಪ್ಪು. ಕನಿಷ್ಠ ಒಂದು ಮಳೆಗಾಲ ಕಳೆಯುವವರೆಗೆ ಅದು ನಿಮ್ಮಲ್ಲೇ ಇರಲಿ. ಪ್ರತಿ ವರ್ಷ ಒಂದೆರಡು ಕೆಲಸಗಳನ್ನು ಮಾರದೆ ಶಾಶ್ವತವಾಗಿ ಇಟ್ಟುಕೊಳ್ಳುವುದೂ ಅಗತ್ಯ. ಎಲ್ಲವನ್ನೂ ಮಾರಿದವರ ಬಳಿ ಮುಂದೆ ತಮ್ಮ ಕೆಲಸ ಎತ್ತ ಸಾಗಿದೆಯೆಂದು ನೋಡಿಕೊಳ್ಳಲು ಫೋಟೊ ಬಿಟ್ಟರೆ ಏನೂ ಇರುವುದಿಲ್ಲ.

ಹಂತ 3: ಬೆಲೆಯನ್ನು ಬರೆದು ಕಟ್ಟುವುದು

ಬೆಲೆ ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳುವ ಅಭ್ಯಾಸ ನಿಲ್ಲಬೇಕಾದರೆ ಮೊದಲು ಸಮಯವನ್ನು ಅಳೆಯಬೇಕು. ಒಂದೇ ಅಳತೆಯ ಮೂರು ಚಿತ್ತಾರ ಬರೆಯುವಾಗ ಶುರು ಮತ್ತು ಮುಗಿದ ಹೊತ್ತನ್ನು ಬರೆದಿಟ್ಟು ಸರಾಸರಿ ತೆಗೆಯಿರಿ. ಅಕ್ಕಿ ನೆನೆಸಿ ಅರೆಯುವುದು, ಕೆಮ್ಮಣ್ಣು ಸೋಸುವುದು, ಹಾಳೆಗೆ ಹಿನ್ನೆಲೆ ಬಳಿಯುವುದು, ಕಟ್ಟುಕಟ್ಟಿ ಅಂಚೆಗೆ ಹಾಕಿ ಬರುವುದು ಇವೂ ಕೆಲಸದ ಸಮಯವೇ. ಕವಂದಿಯನ್ನು ಅಂಚಿನಿಂದ ಹಿಡಿದು ಸುತ್ತಿ ಸುತ್ತಿ ನಡುವಿನ ಕಡೆಗೆ ಹೊಲಿಯುವುದರಿಂದ ಒಳಸುತ್ತುಗಳು ಚಿಕ್ಕದಾಗುತ್ತ ಹೋಗುತ್ತವೆ. ಹಾಗಾಗಿ ಒಂದು ಸುತ್ತಿನ ಸಮಯವನ್ನು ಸುತ್ತುಗಳ ಲೆಕ್ಕಕ್ಕೆ ಗುಣಿಸದೆ ಇಡೀ ಕವಂದಿಯ ಗಂಟೆಗಳನ್ನೇ ಬರೆದಿಡಬೇಕು.

ಒಂದು ಲೆಕ್ಕ ನೋಡಿ. ಸಾಮಗ್ರಿ 140 ರೂಪಾಯಿ, ಕಟ್ಟುವ ಖರ್ಚು 60 ರೂಪಾಯಿ, ಗಂಟೆಗೆ 100 ರೂಪಾಯಿಯಂತೆ 9 ಗಂಟೆಯ ಕೂಲಿ 900 ರೂಪಾಯಿ, ಒಟ್ಟು 1,100. ಕರೆಂಟು, ಓಡಾಟ, ಹಾಳಾದ ಹಾಳೆ ಇವುಗಳಿಗೆ ನೂರಕ್ಕೆ ಹತ್ತರಂತೆ 110 ಸೇರಿಸಿದರೆ 1,210 ರೂಪಾಯಿ. ಇದಕ್ಕಿಂತ ಕಡಿಮೆಗೆ ಮಾರಿದರೆ ಕೂಲಿಯಲ್ಲೇ ಕಡಿತವಾಗುತ್ತದೆ.

ಇಲ್ಲಿಂದ ಮುಂದೆ ಬಹಳ ಜನ ಎಡವುತ್ತಾರೆ. ಅಂಗಡಿಯವರು ಮಾರಿದ ಬೆಲೆಯ ಮೇಲೆ ನೂರಕ್ಕೆ 30 ಕಮಿಷನ್ ಕೇಳಿದಾಗ, 1,210ಕ್ಕೆ ಅದರ ನೂರಕ್ಕೆ 30ರಷ್ಟನ್ನು ಕೂಡಿಸಿ 1,573 ಎಂದು ಬೆಲೆ ಹಾಕುತ್ತಾರೆ. ಅಂಗಡಿಯವರು ಕಡಿದುಕೊಳ್ಳುವುದು 1,573ರ ಮೇಲೆ, ಅಂದರೆ ಸುಮಾರು 472 ರೂಪಾಯಿ. ನಿಮಗೆ ಬರುವುದು 1,101 ಮಾತ್ರ, ಒಂದೊಂದರ ಮೇಲೂ 109 ರೂಪಾಯಿ ನಷ್ಟ. ಸರಿಯಾದ ದಾರಿಯೆಂದರೆ 1,210ನ್ನು 0.70ರಿಂದ ಭಾಗಿಸಿ 1,730 ರೂಪಾಯಿ ಹಾಕುವುದು. ಮನೆಯಿಂದ ನೇರವಾಗಿ ಮಾರುವಾಗಲೂ ಇದೇ ಬೆಲೆಯಿರಲಿ. ಅಂಗಡಿಯಲ್ಲಿ ಒಂದು, ಮನೆಯಲ್ಲಿ ಒಂದು ಬೆಲೆಯಿದ್ದರೆ ಅಂಗಡಿಯವರು ಎರಡನೇ ಸಲ ನಿಮ್ಮ ಸರಕು ಇಡುವುದಿಲ್ಲ.

ನೆಂಟರು, ಪರಿಚಯದವರು ಕೇಳಿದಾಗ ‘ನಿಮ್ಮ ಹತ್ರ ಎಂತ ದುಡ್ಡು’ ಎನ್ನುವ ಮಾತು ನಮ್ಮ ಕಡೆ ತಾನಾಗಿ ಬಂದುಬಿಡುತ್ತದೆ. ಕೊಡುವುದಿದ್ದರೆ ಉಡುಗೊರೆಯೆಂದೇ ಕೊಟ್ಟು, ಲೆಕ್ಕದ ನೋಟ್‌ಬುಕ್ಕಿನಲ್ಲಿ ಅದರ ಪೂರ್ಣ ಬೆಲೆಯನ್ನು ಉಡುಗೊರೆಯ ಹೆಸರಿನಲ್ಲಿ ಬರೆಯಿರಿ. ಅರ್ಧ ಬೆಲೆಗೆ ಕೊಡುವುದು ಎರಡೂ ಕಡೆಯ ಕೆಡುಕು: ಉಡುಗೊರೆಯ ಸಂತೋಷವೂ ಇಲ್ಲ, ಬೆಲೆಯೂ ಊರಲ್ಲಿ ಇಳಿದುಹೋಗುತ್ತದೆ.

ಹಂತ 4: ಮಳೆಗಾಲದಲ್ಲಿ ಸರಕು ಕೆಡದಂತೆ ಇಡುವುದು

ಅಕ್ಕಿಯ ಬಿಳಿ ಬೂಷ್ಟಿಗೂ ಜಿರಳೆಗೂ ಆಹಾರ. ಅರೆದ ಹಿಟ್ಟನ್ನು ಮರುದಿನಕ್ಕೆ ಇಟ್ಟರೆ ಹುಳಿ ಬರುತ್ತದೆ, ಅದರಿಂದ ಬರೆದದ್ದು ಮುಂದೆ ಉದುರುವುದುಂಟು. ಆಯಾ ದಿನಕ್ಕೆ ಬೇಕಾದಷ್ಟೇ ಅರೆದುಕೊಳ್ಳಬೇಕು. ಬರೆದು ಮುಗಿದ ಹಾಳೆಯನ್ನು ನೆರಳಿನಲ್ಲಿ, ಗಾಳಿಯಲ್ಲಿ, ಹಿಂಬದಿ ಮುಟ್ಟಿದರೆ ತಣ್ಣಗೆನಿಸದಷ್ಟು ಒಣಗಿಸಿದ ಮೇಲೆಯೇ ಡಬ್ಬಿಗೆ ಹಾಕಬೇಕು. ಚೆನ್ನಾಗಿ ಒಣಗದ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಮುಚ್ಚುವುದು ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ಒಲೆಯ ಮೇಲಿನ ಅಟ್ಟದಲ್ಲಿ ಬುಟ್ಟಿ, ಬಿದಿರು ಚೆನ್ನಾಗಿರುತ್ತವೆ. ಹಾಳೆಗೂ ಬಟ್ಟೆಗೂ ಅದು ಸಲ್ಲದು, ಹೊಗೆಗೆ ಬಿಳಿ ಹಳದಿಯಾಗುತ್ತದೆ. ಹೊರಗೋಡೆಗೆ ಒರಗಿಸಿಯೂ ಇಡಬಾರದು, ಆಷಾಢದಲ್ಲಿ ಗೋಡೆಯೇ ನೀರು ಕುಡಿದಿರುತ್ತದೆ.

ಸಿಲಿಕಾ ಜೆಲ್ ಪೊಟ್ಟಣಗಳು ಒಂದಷ್ಟು ದಿನಕ್ಕೆ ತೇವ ಹೀರಿ ತುಂಬಿಕೊಳ್ಳುತ್ತವೆ. ಬಣ್ಣ ಬದಲಿಸುವ ಬಗೆಯದನ್ನು ತಂದರೆ ಯಾವಾಗ ಬದಲಿಸಬೇಕೆಂಬುದು ಕಣ್ಣಿಗೇ ಕಾಣುತ್ತದೆ. ವಾರಕ್ಕೊಮ್ಮೆ ಡಬ್ಬಿ ತೆರೆದು ಮೂಗಿಟ್ಟು ನೋಡಿ. ಮುಗ್ಗಲು ವಾಸನೆ ಬಂದರೆ ಚುಕ್ಕೆ ಕಾಣುವವರೆಗೆ ಕಾಯದೆ ಎಲ್ಲವನ್ನೂ ಹೊರತೆಗೆದು ಆರಹಾಕಬೇಕು.

ಒಂದು ಪ್ರಾಮಾಣಿಕತೆಯ ಮಾತು ಇಲ್ಲಿಯೇ ಸೇರಬೇಕು. ಬೂಷ್ಟಿನ ಕಾಟಕ್ಕೆ ಅಕ್ರಿಲಿಕ್ ಬಣ್ಣ ಬಳಸಿದರೆ ತಪ್ಪಿಲ್ಲ, ಆದರೆ ಚೀಟಿಯಲ್ಲಿ ಅಕ್ರಿಲಿಕ್ ಎಂದೇ ಬರೆಯಬೇಕು. ಅಕ್ಕಿ, ಕೆಮ್ಮಣ್ಣು, ಕರಿಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಬೀಜ ಬಳಸಿ ಮಾಡಿದ ಕೆಲಸಕ್ಕೆ ಹಿಡಿಯುವ ಶ್ರಮವೇ ಬೇರೆ. ಎರಡನ್ನೂ ಒಂದೇ ಹೆಸರಿನಲ್ಲಿ ಮಾರಿದರೆ ನಿಜವಾದ ಬಣ್ಣ ಅರೆಯುವವರ ಕೂಲಿಯನ್ನೇ ಕಿತ್ತುಕೊಂಡಂತಾಗುತ್ತದೆ.

ಹಂತ 5: ಮಾರುವ ಜಾಗವನ್ನು ಆರಿಸುವುದು

ಎಲ್ಲ ಕಡೆಯೂ ಮಾರಲು ಹೊರಡಬೇಡಿ. ಮೊದಲ ವರ್ಷಕ್ಕೆ ಎರಡು ಜಾಗ ಸಾಕು, ಒಂದು ಎದುರಾಎದುರು ಮಾರುವಂಥದ್ದು, ಇನ್ನೊಂದು ಫೋನಿನ ಮೂಲಕ. ಕಾರವಾರದ ಕರಾವಳಿ ಉತ್ಸವ, ಬನವಾಸಿಯ ಕದಂಬೋತ್ಸವದಂಥ ಕಡೆ ಮಳಿಗೆ ಹಾಕುವುದಾದರೆ ಬಾಡಿಗೆ, ಪ್ರಯಾಣ, ಊಟ ಮತ್ತು ಅಲ್ಲಿ ಕುಳಿತ ದಿನಗಳ ಕೂಲಿ ಇಷ್ಟನ್ನೂ ಕೂಡಿ, ಎಷ್ಟು ಮಾರಿದರೆ ಅಷ್ಟು ಹುಟ್ಟುತ್ತದೆಂದು ಹೊರಡುವ ಮೊದಲೇ ಬರೆದುಕೊಳ್ಳಿ. ಜನ ಸೇರಿದರೆ ವ್ಯಾಪಾರ ಆಗಿಯೇ ಆಗುತ್ತದೆ ಎನ್ನುವ ಹಾಗಿಲ್ಲ. ಸಂಜೆ ಕಾರ್ಯಕ್ರಮ ನೋಡಲು ಬರುವವರು ದೊಡ್ಡ ಚೌಕಟ್ಟನ್ನು ಹೊತ್ತು ತಿರುಗಲಾರರು, ಅವರಿಗೆ ಚೀಲಕ್ಕೆ ಹಿಡಿಸುವ ಸಣ್ಣ ವಸ್ತು ಬೇಕು.

ಮಾರಿದ ಮೇಲೆ ಹಣ ಕೊಡುವ ಅಂಗಡಿ ಅಥವಾ ಹೋಮ್‌ಸ್ಟೇಗೆ ಸರಕು ಕೊಡುವಾಗ ಎರಡು ಪ್ರತಿಯ ಚೀಟಿ ಕಡ್ಡಾಯ. ಯಾವ ವಸ್ತು, ಎಷ್ಟು, ಯಾವ ಬೆಲೆಗೆ, ಕಮಿಷನ್ ಎಷ್ಟು, ಲೆಕ್ಕ ಯಾವ ತಾರೀಕಿಗೆ, ಬಿಸಿಲು ಅಥವಾ ತೇವಕ್ಕೆ ಕೆಟ್ಟರೆ ಯಾರ ಹೊಣೆ ಎನ್ನುವುದೆಲ್ಲ ಅದರಲ್ಲಿ ಬರೆದು ಸಹಿ ಪಡೆಯಬೇಕು. ಎರಡು ತಿಂಗಳು ಲೆಕ್ಕ ಕೊಡದವರಿಗೆ ಮೂರನೇ ಸಲ ಸರಕು ಕೊಡದಿರುವುದು ಜಗಳವಲ್ಲ.

ಹಂತ 6: ಆರ್ಡರನ್ನು ಒಪ್ಪುವ ಮತ್ತು ಹಕ್ಕನ್ನು ಉಳಿಸಿಕೊಳ್ಳುವ ಕ್ರಮ

ತಿಂಗಳಿಗೆ ಎಷ್ಟು ಆರ್ಡರ್ ಎಂಬ ಮಿತಿಯನ್ನು ಮೊದಲ ಹಂತದ ಕ್ಯಾಲೆಂಡರ್ ನೋಡಿ ನಿಗದಿ ಮಾಡಿ. ಮಿತಿ ತುಂಬಿದ ಮೇಲೆ ಬಂದವರಿಗೆ ಮುಂದಿನ ತಿಂಗಳ ತಾರೀಕು ಹೇಳಬೇಕೇ ಹೊರತು ನಿದ್ದೆಗೆಟ್ಟು ಮುಗಿಸಬಾರದು. ಅರ್ಧ ಹಣ ಮುಂಗಡ ಬಂದ ಮೇಲೆ ಕೆಲಸ ಶುರು. ಪೆನ್ಸಿಲ್ ನಕ್ಷೆ ತೋರಿಸಿ ಒಪ್ಪಿಗೆ ಪಡೆದು, ಅದಾದ ಮೇಲಿನ ಬದಲಾವಣೆಗೆ ಬೇರೆ ದರ ಎಂದು ಮೊದಲೇ ಹೇಳಿರಬೇಕು.

ಹಕ್ಕಿನ ವಿಷಯವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ನಿಮ್ಮಷ್ಟಕ್ಕೆ ಬರೆದ ಚಿತ್ರವನ್ನು ಮಾರಿದರೆ ಕೊಂಡವರಿಗೆ ಆ ಹಾಳೆ ಸೇರುತ್ತದೆ, ಅದನ್ನು ಅಚ್ಚುಹಾಕಿಸುವ ಹಕ್ಕು ಸೇರುವುದಿಲ್ಲ. ಆದರೆ ಯಾರಾದರೂ ಹಣ ಕೊಟ್ಟು ಹೇಳಿ ಬರೆಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರಾಗುತ್ತಾರೆ. ಅಂದರೆ ನೀವು ಒಂದು ಸಂಸ್ಥೆಗೆ ಬರೆದುಕೊಟ್ಟ ಚಿತ್ತಾರ ಮುಂದಿನ ವರ್ಷ ಅವರ ಡೈರಿ, ಚೀಲ, ಕಪ್ಪುಗಳ ಮೇಲೆ ಕಂಡರೆ ಕೇಳಲು ಬಾಯಿರುವುದಿಲ್ಲ. ಅದಕ್ಕಾಗಿ ಮುಂಗಡ ಪಡೆಯುವ ಮೊದಲೇ, ‘ಈ ಚಿತ್ರದ ಕೃತಿಸ್ವಾಮ್ಯ ಬರೆದವರಲ್ಲೇ ಉಳಿಯುತ್ತದೆ, ಅಚ್ಚು ಹಾಕಿಸಲು ಬೇರೆ ಅನುಮತಿ ಪಡೆಯಬೇಕು’ ಎಂಬ ಎರಡು ಸಾಲನ್ನು ಬರೆದು ಸಹಿ ಹಾಕಿಸಿಕೊಳ್ಳಿ. ಹಕ್ಕನ್ನು ಬರೆದುಕೊಡುವುದಾದರೆ ಎಷ್ಟು ವರ್ಷಕ್ಕೆ, ಯಾವ ಬಳಕೆಗೆ ಎಂದು ಸ್ಪಷ್ಟವಾಗಿರಲಿ. ಅವಧಿ ಹೇಳದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದು ಪರಿಗಣಿಸುತ್ತದೆ. ಹಕ್ಕು ಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಬರೆದವರಿಗೆ ಇದ್ದೇ ಇರುತ್ತದೆ.

ಪರಂಪರೆಯ ನಮೂನೆಗಳು ಮಾತ್ರ ಯಾರೊಬ್ಬರ ಸ್ವತ್ತೂ ಅಲ್ಲ. ನೀವು ದೀವರ ಮನೆಯವರಲ್ಲದೆ ಚಿತ್ತಾರ ಕಲಿತವರಾದರೆ, ಚೀಟಿಯಲ್ಲಿ ಆ ಸಮುದಾಯದ ಹೆಸರನ್ನೂ, ಕಲಿಸಿದ ಅಮ್ಮನೋ ಅಕ್ಕನೋ ಒಪ್ಪಿದರೆ ಅವರ ಹೆಸರನ್ನೂ ಬರೆಯುವುದು ಕನಿಷ್ಠ ಋಣ.

ಹಂತ 7: ಕೆಲಸವನ್ನು ಜನರಿಗೆ ತೋರಿಸುವುದು

ಫೋಟೊಗೆ ಜಗುಲಿಯ ಬೆಳಕು, ಅದರಲ್ಲೂ ಮೋಡದ ದಿನದ ಬೆಳಕು ಸಾಕು. ಬಲ್ಬಿನ ಕೆಳಗೆ ಕೆಮ್ಮಣ್ಣು ಕಿತ್ತಳೆಯಾಗಿ ಕಾಣುತ್ತದೆ. ತಲುಪಿದ ಮೇಲೆ ಬಣ್ಣ ಬೇರೆಯೆಂದು ವಾಪಸು ಕಳಿಸುವ ಗಲಾಟೆಗೆ ಇದೇ ಮುಖ್ಯ ಕಾರಣ. ಫೋನನ್ನು ಹಾಳೆಗೆ ಸಮನಾಗಿ ಹಿಡಿದು ಒಂದು, ಅಳತೆ ತಿಳಿಯಲು ಕೈಯಿಟ್ಟು ಒಂದು, ಎಳೆ ಕಾಣುವಷ್ಟು ಹತ್ತಿರದಿಂದ ಒಂದು, ಹೀಗೆ ಮೂರು ಫೋಟೊ ತೆಗೆಯಿರಿ.

ಅರ್ಧ ಮಾಡಿದ ಸ್ವಂತ ಕೆಲಸವನ್ನು ಯಾರಿಗೂ ತೋರಿಸಬೇಡಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಆರ್ಡರಿನ ಕೆಲಸದ ಹಂತಗಳನ್ನು, ಕುಂಚ ಮಾಡುವುದನ್ನು, ಬಣ್ಣ ಅರೆಯುವುದನ್ನು ಧಾರಾಳವಾಗಿ ತೋರಿಸಬಹುದು. ಆದರೆ ಹೊಸದೇನನ್ನೋ ಹುಡುಕುತ್ತಿರುವ ಹಾಳೆಗೆ ಹೊರಗಿನವರ ಮೆಚ್ಚುಗೆಯೂ ಭಾರವೇ. ಹತ್ತು ಜನ ಹಳೆಯದೇ ಚೆನ್ನಾಗಿತ್ತು ಎಂದರೆ ಕೈ ಅತ್ತಲೇ ವಾಲುತ್ತದೆ.

ಹಂತ 8: ಹಣ, ಕಾಗದಪತ್ರ

ಬಂದ ಹಣ ಪ್ರತ್ಯೇಕ ಖಾತೆಗೆ ಹೋಗಲಿ. ಸಾಮಗ್ರಿಯ ಪಾಲನ್ನು ಮುಟ್ಟದೆ ಕೂಲಿಯ ಪಾಲನ್ನಷ್ಟೇ ತಿಂಗಳಿಗೊಮ್ಮೆ ಮನೆಗೆ ತೆಗೆದುಕೊಳ್ಳಿ. ಸಣ್ಣ ಉದ್ದಿಮೆಗಳಿಗಾಗಿ ಇರುವ ಕೇಂದ್ರದ ಉದ್ಯಮ್ ನೋಂದಣಿಗೆ ಸರ್ಕಾರ ಶುಲ್ಕ ವಿಧಿಸುವುದಿಲ್ಲ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ‘ಪೆಹಚಾನ್’ ಗುರುತಿನ ಚೀಟಿ ಸರ್ಕಾರಿ ಮೇಳಗಳಿಗೆ ಅರ್ಜಿ ಹಾಕುವಾಗ ಉಪಯೋಗಕ್ಕೆ ಬರುತ್ತದೆ. ಕೈಕಸುಬಿನವರ ನೆರವಿಗೆ ಕೇಂದ್ರ ಸರ್ಕಾರ 2023ರಲ್ಲಿ ಶುರುಮಾಡಿದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳಿಗೆ ಮಾತ್ರ. ಬುಟ್ಟಿ ಹೆಣೆಯುವವರು, ಶಿಲ್ಪಿಗಳು, ಗೊಂಬೆ ಮಾಡುವವರು ಅದರೊಳಗೆ ಬರುತ್ತಾರೆ.

ಕರ್ನಾಟಕದೊಳಗೆ ಸರಕನ್ನಷ್ಟೇ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಕಳಿಸುವ ಕರಕುಶಲ ವಸ್ತುಗಳಿಗೆ ಬೇರೆ ಮಿತಿ, ಪ್ಯಾನ್ ಮತ್ತು ಇ-ವೇ ಬಿಲ್ಲಿನ (ಸರಕು ಸಾಗಣೆಯ ಚೀಟಿ) ನಿಯಮಗಳಿರುವುದರಿಂದ ಮೊದಲ ಪಾರ್ಸೆಲ್ಲಿಗೆ ಮುಂಚೆಯೇ ತೆರಿಗೆ ಸಲಹೆಗಾರರನ್ನು ಕೇಳಿಕೊಳ್ಳಬೇಕು.

ಮೋಸದ ಬಗ್ಗೆ ಒಂದು ಎಚ್ಚರಿಕೆ. ಚೌಕಾಶಿಯನ್ನೇ ಮಾಡದೆ ಐವತ್ತು ವಸ್ತುಗಳ ಆರ್ಡರ್ ಕೊಟ್ಟು, ‘ಹಣ ಕಳಿಸುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎನ್ನುವವರ ಕರೆಯನ್ನು ಅಲ್ಲಿಗೇ ಕಡಿಯಿರಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಹಾಕಬೇಕಾಗುವುದೇ ಇಲ್ಲ.

ದಾರಿ ತಪ್ಪುತ್ತಿರುವ ಲಕ್ಷಣಗಳು

ಲೆಕ್ಕದ ನೋಟ್‌ಬುಕ್ಕಿನಲ್ಲಿ ಎರಡು ವಾರ ಏನೂ ಬರೆದಿಲ್ಲವೆಂದರೆ, ಬರೆಯಲೂ ಬಿಡುವಿಲ್ಲದಷ್ಟು ಆರ್ಡರ್ ಮಿತಿ ಮೀರಿದೆಯೆಂದೇ ಅರ್ಥ. ಒಂದೇ ವಿನ್ಯಾಸ ಒಟ್ಟು ಮಾರಾಟದ ಅರ್ಧಕ್ಕಿಂತ ಹೆಚ್ಚಾಗಿದ್ದರೆ ಅದರ ಬೆಲೆ ಏರಿಸಿ. ಬೇಡಿಕೆ ತುಸು ಇಳಿದು, ಅಷ್ಟೇ ಹಣಕ್ಕೆ ಕೈಗೆ ಬಿಡುವು ಸಿಗಬಹುದು. ಕತ್ತು, ಮಣಿಕಟ್ಟು ರಾತ್ರಿ ನೋಯುತ್ತಿದ್ದರೆ ನೆಲದ ಮೇಲೆ ಬಾಗಿ ಬರೆಯುವುದನ್ನು ಬಿಟ್ಟು ಓರೆ ಹಲಗೆ ಇಟ್ಟುಕೊಂಡು, ಮುಕ್ಕಾಲು ಗಂಟೆಗೊಮ್ಮೆ ಏಳಬೇಕು. ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸುವುದನ್ನು ಕೊಯ್ಲು ಮುಗಿಯಲಿ ಎಂದು ಮುಂದೂಡಬಾರದು.

ಮಾರಾಟಕ್ಕಲ್ಲದ ನೋಟ್‌ಬುಕ್ ಒಂದು ತಿಂಗಳು ಖಾಲಿ ಉಳಿಯುವುದು ಎಲ್ಲಕ್ಕಿಂತ ದೊಡ್ಡ ಲಕ್ಷಣ. ಆಗ ಹೊಸ ಆರ್ಡರನ್ನು 15 ದಿನ ನಿಲ್ಲಿಸಿ, ಒಪ್ಪಿಕೊಂಡವರಿಗೆ ತಡವಾಗುವ ತಾರೀಕನ್ನು ಅವರು ಕೇಳುವ ಮೊದಲೇ ತಿಳಿಸಿ, ಮರುದಿನ ಬೆಳಗ್ಗೆ ಒಂದು ಹಿಡಿ ಅಕ್ಕಿ ನೆನೆಸಿ ಎಳೆಯಿಂದ ಶುರುಮಾಡಿ.